ಸಹಾಯ ಬೇಕು: ನಿಂತು ಕೆಲಸ ಮಾಡುವ ಅಮ್ಮನಿಗೆ ಎಂಸಿಆರ್ (ಮೈಕ್ರೋ ಸೆಲ್ಯುಲಾರ್ ರಬ್ಬರ್ ಎಂಬ ಮೆತ್ತನೆಯ ರಬ್ಬರಿನ) ಚಪ್ಪಲಿ

ಎಲ್ಲರಿಗೂ ನಮಸ್ಕಾರ. ಅಮ್ಮ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡುತ್ತಾರೆ. ದಿನಕ್ಕೆ 8 ಗಂಟೆ ನಿಂತೇ ಇರಬೇಕು. ಸಕ್ಕರೆ ಕಾಯಿಲೆ ಬೇರೆ ಇದೆ, ಪಾದ ಜೋಮು ಹಿಡಿದ ಹಾಗಿರುತ್ತದೆ. ಹೋದ ವಾರ ಚಪ್ಪಲಿಯ ಮೊಳೆ ಚುಚ್ಚಿ ರಕ್ತ ಬಂದಿದೆ. ಅವರಿಗೆ ಗೊತ್ತೇ ಆಗಿಲ್ಲ! ರಾತ್ರಿ ಕಾಲು ತೊಳೆಯುವಾಗ ನಾನೇ ನೋಡಿದೆ. ತುಂಬಾ ಭಯವಾಯಿತು.

ಗಾಯಕ್ಕೆ ಔಷಧಿ ನಡೆಯುತ್ತಿದೆ. ಡಾಕ್ಟರು ಮೆತ್ತನೆಯ ಎಂಸಿಆರ್ ಚಪ್ಪಲಿ ಹಾಕಿಸಿ ಎಂದರು. ಮೊಳೆ ಇರಬಾರದು, ಹಿಮ್ಮಡಿಗೆ ಪಟ್ಟಿ ಇರಬೇಕು. ಸಂಜೆ ಹೊತ್ತು ಪಾದ ಊದಿರುತ್ತದೆ ಅಲ್ವಾ, ಆಗಲೇ ಅಳತೆ ಕೊಡಬೇಕಂತೆ.

ಯಶವಂತಪುರ, ರಾಜಾಜಿನಗರದ ಕಡೆ ಇಂಥದ್ದು ಅಳತೆಗೆ ಮಾಡಿಕೊಡುವವರು ಯಾರಾದರೂ ಇದ್ದಾರಾ? ಬೆಲೆ ಎಷ್ಟಾಗಬಹುದು? ಇನ್ನೊಂದು, ಕೆಲಸದ ಜಾಗದಲ್ಲಿ ಚಪ್ಪಲಿ ಬಿಚ್ಚಿಸುತ್ತಾರೆ. ಡಾಕ್ಟರ ಚೀಟಿ ತೋರಿಸಿ ಒಪ್ಪಿಸಿದವರು ಇದ್ದರೆ ದಯವಿಟ್ಟು ಹೇಗೆ ಕೇಳಿದಿರಿ ಹೇಳಿ.