ಜಿಪಿಎಸ್ ಟ್ರ್ಯಾಕ್ ನೋಡೋಕೆ, ತಿದ್ದೋಕೆ ಯಾವ ಸಾಫ್ಟ್‌ವೇರ್ ಬಳಸ್ತೀರಾ?

ಚಾರಣಕ್ಕೆ ಹೋದಾಗೆಲ್ಲ ಫೋನಲ್ಲಿ ಟ್ರ್ಯಾಕ್ ರೆಕಾರ್ಡ್ ಮಾಡ್ತೀನಿ, ಆ ಟ್ರ್ಯಾಕ್‌ಗಳ ಜಿಪಿಎಕ್ಸ್ ಫೈಲ್‌ಗಳು ರಾಶಿ ಬಿದ್ದಿವೆ. ಕೆಲವದ್ರಲ್ಲಿ ಗೆರೆ ಇದ್ದಕ್ಕಿದ್ದಂಗೆ ಎಲ್ಲೋ ಹಾರಿ ವಾಪಸ್ ಬರುತ್ತೆ, ಒಂದರಲ್ಲಂತೂ ರೆಕಾರ್ಡಿಂಗ್ ನಿಲ್ಲಿಸೋದು ಮರೆತು ಬಸ್ಸಲ್ಲಿ ಬಂದಿದ್ದೂ ಸೇರ್ಕೊಂಡಿದೆ. ಕಂಪ್ಯೂಟರಲ್ಲಿ ಸರಿ ಮಾಡೋಕೆ ಯಾವುದು ಒಳ್ಳೇದು?

—

ನೋಡೋದಕ್ಕೆ ಒಂದು, ತಿದ್ದೋದಕ್ಕೆ ಒಂದು ಇಟ್ಕೊಳ್ಳಿ. ನೋಡೋಕೆ ಜಿಪಿಎಕ್ಸ್‌ಸೀ, ಹಗುರ, ಫಿಟ್, ಕೆಎಂಎಲ್ ಥರದ ಬೇರೆ ಟ್ರ್ಯಾಕ್ ಫೈಲ್‌ಗಳನ್ನೂ ತೆರೆಯುತ್ತೆ, ಹತ್ತು ಟ್ರ್ಯಾಕ್ ಒಟ್ಟಿಗೆ ಒಂದೇ ಮ್ಯಾಪ್ ಮೇಲೆ ಹಾಕ್ಬಹುದು, ಆದ್ರೆ ಅದರಲ್ಲಿ ತಿದ್ದೋಕಾಗಲ್ಲ. ತಿದ್ದೋಕೆ ನಾನು ಜಿಪಿಎಸ್‌ಪ್ರೂನ್ ಬಳಸ್ತೀನಿ, ಜಾವಾ ಬೇಕು, ನೋಡೋಕೆ ಹಳೇ ಕಾಲದ್ದು ಅನ್ಸುತ್ತೆ, ಕೆಲಸ ಮಾತ್ರ ಅಚ್ಚುಕಟ್ಟು.

ಬಸ್ಸಿನ ಭಾಗ ಹುಡುಕೋದು ಸುಲಭ, ವೇಗದ ಗ್ರಾಫ್ ನೋಡಿ, ನಡೆಯುವಾಗ 4-5 ಕಿ.ಮೀ. ಇದ್ದದ್ದು ಒಂದು ಕಡೆ ಗೋಡೆ ಥರ ಮೇಲೆ ಏಳುತ್ತೆ, ಅಲ್ಲಿಂದ ಕೊನೇವರೆಗೂ ಸೆಲೆಕ್ಟ್ ಮಾಡಿ ಡಿಲೀಟ್ ಕೊಡಿ. ಹಾರಿರೋ ಪಾಯಿಂಟ್‌ಗಳನ್ನ ಮ್ಯಾಪ್ ದೊಡ್ಡದು ಮಾಡಿ ಒಂದೊಂದಾಗಿ ಕೈಯಾರೆ ತೆಗೀರಿ. ಊಟಕ್ಕೆ ಕೂತಿದ್ದ ಜಾಗಾನೂ ನೋಡಿ, ಅಲ್ಲಿ ಗೆರೆ ಸಿಕ್ಕುಬಿದ್ದ ನೂಲಿನ ಉಂಡೆ ಥರ ಇರುತ್ತೆ, ನೀವು ಅಲ್ಲಾಡದೇ ಇದ್ರೂ ಜಿಪಿಎಸ್ ಅಲ್ಲಾಡ್ತಾನೇ ಇರುತ್ತೆ, ಆ ದೂರಾನೂ ಒಟ್ಟು ಲೆಕ್ಕಕ್ಕೆ ಸೇರುತ್ತೆ.

ಕಂಪ್ರೆಸ್ ಅನ್ನೋ ಆಯ್ಕೆ ಹುಷಾರು. ಪಾಯಿಂಟ್ ಕಮ್ಮಿ ಆಗುತ್ತೆ, ಗೆರೆ ಹಾಗೇ ಕಾಣುತ್ತೆ, ಆದ್ರೆ ತೆಗೆದ ಪಾಯಿಂಟಿನ ಟೈಮ್ ಎತ್ತರ ಎಲ್ಲಾ ಹೋಗಿರುತ್ತೆ. ನಾನು ಒಂದು ಸಲ ಹಂಗೇ ಅದೇ ಹೆಸರಲ್ಲಿ ಸೇವ್ ಮಾಡಿ ಮೂರು ದಿನದ ನಡಿಗೆಯ ವಿವರ ಕಳ್ಕೊಂಡೆ, ಈಗಲೂ ಹೊಟ್ಟೆ ಉರಿಯುತ್ತೆ. ಮೂಲ ಫೈಲ್ ಮುಟ್ಟಬೇಡಿ, ಕಾಪಿ ಮೇಲೆ ಕೆಲಸ ಮಾಡಿ.

—

ಬರೀ ಕತ್ತರಿಸೋದಾದ್ರೆ ಏನೂ ಇನ್‌ಸ್ಟಾಲ್ ಮಾಡ್ಬೇಡಿ, ಜಿಪಿಎಕ್ಸ್ ಸ್ಟುಡಿಯೋ ಬ್ರೌಸರಲ್ಲೇ ಓಡುತ್ತೆ. ಟ್ರ್ಯಾಕ್‌ಗಳು ತುಂಬ ಇದ್ದು ಜೋಡಿಸಿಡ್ಬೇಕು ಅಂದ್ರೆ ಕ್ಯೂಮ್ಯಾಪ್‌ಶ್ಯಾಕ್ ಕಲೀರಿ, ಶುರುವಲ್ಲಿ ತಲೆ ತಿನ್ನುತ್ತೆ, ಆದ್ರೆ ಮಾಡಿದ ಬದಲಾವಣೆಯೆಲ್ಲಾ ಹಿಸ್ಟರೀಲಿ ಇರುತ್ತೆ, ಹಿಂದಕ್ಕೆ ಹೋಗ್ಬಹುದು. ಫಾರ್ಮ್ಯಾಟ್ ಬದಲಾಯಿಸೋಕೆ ಜಿಪಿಎಸ್‌ಬೇಬಲ್.

—

ಏರಿದ ಎತ್ತರ ಜಾಸ್ತಿ ತೋರಿಸ್ತಿದ್ರೆ ಗಾಬರಿ ಆಗ್ಬೇಡಿ, ಜಿಪಿಎಸ್‌ಗೆ ಎತ್ತರ ಅಳೆಯೋದು ಮೊದಲಿಂದ್ಲೂ ಕಷ್ಟ. ಜಿಪಿಎಸ್‌ಪ್ರೂನಲ್ಲಿ ಎಸ್‌ಆರ್‌ಟಿಎಂ ಅನ್ನೋ ಎತ್ತರದ ದತ್ತಾಂಶ ತುಂಬ್ಕೋಬಹುದು, ಅದು 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರಲ್ಲಿ ಅಳೆದದ್ದು, ಕಿರಿದಾದ ಕಣಿವೇಲಿ ಮಾತ್ರ ಅದನ್ನ ನಂಬ್ಕೋಬೇಡಿ. ಟ್ರ್ಯಾಕ್‌ಗೆ ಫೋಟೋ ಜೋಡಿಸೋದಾದ್ರೆ ಟೈಮ್ ನೋಡ್ಕೊಳ್ಳಿ, ಜಿಪಿಎಕ್ಸ್ ಒಳಗಿರೋದು ಯುಟಿಸಿ, ಅಂದ್ರೆ ಇಡೀ ಜಗತ್ತಿಗೆ ಒಂದೇ ಆಗಿರೋ ಸಮಯ, ಕ್ಯಾಮೆರಾದಲ್ಲಿ ಇರೋದು ಸಾಮಾನ್ಯವಾಗಿ ಸ್ಥಳೀಯ ಸಮಯ.

—

ಎಲ್ರಿಗೂ ಥ್ಯಾಂಕ್ಸ್, ಕಾಪಿ ಮಾಡ್ಕೊಂಡೇ ಜಿಪಿಎಸ್‌ಪ್ರೂನಲ್ಲಿ ತೆರೆದೆ. ಬಸ್ಸು ತೆಗೆದ ಮೇಲೆ 31 ಕಿ.ಮೀ. ಇದ್ದದ್ದು 12 ಆಯ್ತು, ಊಟದ ಜಾಗದ ಉಂಡೇನೂ ಸಿಕ್ತು, ನಾಳೆ ಬಿಡಿಸ್ತೀನಿ.