ಜರ್ಮನಿಗೆ ಹೋದ ನರ್ಸ್‌ಗಳು ಮತ್ತು ಬೂರ್ದಿಯು: ಸಿದ್ಧಾಂತ ಎಲ್ಲಿ ಹೊಂದುತ್ತೆ?

ಪ್ರಶ್ನೆ (ಗಂಗೋತ್ರಿ ವಿದ್ಯಾರ್ಥಿನಿ):
ಮಾನಸಗಂಗೋತ್ರಿಯಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಮಂಡ್ಯ ಕಡೆಯಿಂದ ಜರ್ಮನಿಗೆ ಹೋದ ನರ್ಸ್‌ಗಳ ಬಗ್ಗೆ ಪ್ರಾಜೆಕ್ಟ್. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯೆರ್ ಬೂರ್ದಿಯು ಹೇಳುವ ಬಂಡವಾಳಗಳನ್ನು ಹಿಡಿದು ಬರೆಯುತ್ತಿದ್ದೇನೆ: ದುಡ್ಡು, ಪರಿಚಯದ ಜನ, ಓದು. ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಮದ್ದೂರಿನ ಅಕ್ಕ ಒಬ್ಬರು ಇಲ್ಲಿ ಐಸಿಯು ನೋಡಿಕೊಳ್ಳುತ್ತಿದ್ದವರು. ಅಲ್ಲಿ ಹೋದ ಮೇಲೆ ತಿಂಗಳುಗಟ್ಟಲೆ ಸಹಾಯಕಿ. ಊಟ ಕೊಡುವುದು, ಹಾಸಿಗೆ ಬದಲಿಸುವುದು. ಡ್ರಿಪ್ ಮುಟ್ಟುವ ಹಾಗಿಲ್ಲ. ಓದು, ಅನುಭವ ಎರಡೂ ಇದ್ದು ಹೀಗ್ಯಾಕೆ? ಸುಮ್ನೆ ‘ಅನ್ಯಾಯ’ ಅಂತ ಬರೆದುಬಿಡೋಕೆ ಮನಸ್ಸಿಲ್ಲ.

ಮೇಷ್ಟ್ರು, ಮಂಡ್ಯ:
ಬಂಡವಾಳದ ಜೊತೆಗೆ ‘ಕ್ಷೇತ್ರ’ವನ್ನೂ ತನ್ನಿ, ಅಂದರೆ ತನ್ನದೇ ನಿಯಮಗಳಿರುವ ವಲಯ. ಯಾವುದಕ್ಕೆ ಎಷ್ಟು ಬೆಲೆ ಅಂತ ತೀರ್ಮಾನ ಆಗುವುದು ಅಲ್ಲಿ. ನೀವು ‘ಓದು’ ಅಂದದ್ದು ಬೂರ್ದಿಯು ಹೇಳುವ ಸಾಂಸ್ಕೃತಿಕ ಬಂಡವಾಳ. ಅದನ್ನು ಅವರು ಮೂರು ರೂಪದಲ್ಲಿ ನೋಡುತ್ತಾರೆ: ಮೈಗೂಡಿದ್ದು (ಕೈಚಳಕ, ನಡತೆ), ವಸ್ತುವಾಗಿ ಇರುವುದು (ಪುಸ್ತಕದಂಥದ್ದು), ಸಂಸ್ಥೆ ಮುದ್ರೆ ಒತ್ತಿದ್ದು. ಆಕೆಯ ಡಿಗ್ರಿ ಮೂರನೆಯದು. ಜರ್ಮನಿಯಲ್ಲಿ ಹೊರದೇಶದ ನರ್ಸಿಂಗ್ ಓದಿಗೆ ಅಲ್ಲಿನ ಪ್ರಾಧಿಕಾರದ ಮಾನ್ಯತೆ ಬೇಕು. ಕೊರತೆ ಕಂಡರೆ ಪರೀಕ್ಷೆ, ಇಲ್ಲವೇ ತರಬೇತಿ. ಜರ್ಮನ್ ಭಾಷೆ ಸಾಮಾನ್ಯವಾಗಿ ಬಿ2 ಮಟ್ಟ, ಅಂದರೆ ಸರಾಗವಾಗಿ ಮಾತಾಡುವಷ್ಟು. ಅಲ್ಲಿಯವರೆಗೆ ನಮ್ಮ ಮುದ್ರೆ ನಡೆಯಲ್ಲ. ಮೈಗೂಡಿದ ಕೈಚಳಕ ಮಾತ್ರ ಅವರ ಜೊತೆಗೇ ಹೋಯಿತು.

ಕೆ.ಆರ್. ಪೇಟೆಯವಳು, ಈಗ ಜರ್ಮನಿ:
ತಂಗಿ, ಮೇಷ್ಟ್ರು ಹೇಳಿದ್ದು ಸರಿ. ಆದರೆ ಮೈಗೂಡಿದ್ದೆಲ್ಲ ಹಾಗೇ ನಡೆಯುತ್ತೆ ಅಂತ ಬರೀಬೇಡಿ. ರಕ್ತ ತೆಗೆಯೋದು ನನ್ನ ಕೈಗೆ ಮರೆತಿರಲಿಲ್ಲ. ಆದರೆ ಮೈಸೂರಲ್ಲಿ ಡಾಕ್ಟರ್ ರೌಂಡ್ಸ್‌ಗೆ ಬಂದರೆ ನಾವು ಫೈಲ್ ಹಿಡಿದು ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದೆವು. ಕೇಳಿದರೆ ಮಾತ್ರ ಮಾತು. ಇಲ್ಲೂ ಹಾಗೇ ನಿಂತೆ. ಇವಳಿಗೆ ವಿಷಯ ಗೊತ್ತಿಲ್ಲ ಅಂದುಕೊಂಡರು! ಬಿ2 ಪಾಸಾಗಿತ್ತು, ಪದಗಳೆಲ್ಲ ಬರುತ್ತಿದ್ದವು. ಡಾಕ್ಟರ್ ಮುಖ ನೋಡಿ ‘ಈ ಡೋಸ್ ಜಾಸ್ತಿ ಅಲ್ವಾ’ ಅನ್ನೋಕೆ ಬಾಯಿ ಏಳುತ್ತಿರಲಿಲ್ಲ. ನಮ್ಮಲ್ಲಿ ಅದನ್ನೇ ಒಳ್ಳೆ ನಡತೆ ಅಂತ ಹೊಗಳಿದ್ದರು.

ಮೇಷ್ಟ್ರು, ಮಂಡ್ಯ:
ನನ್ನ ಮಾತಿಗಿಂತ ಇದು ಮುಖ್ಯ. ಬೂರ್ದಿಯು ‘ಹ್ಯಾಬಿಟಸ್’ ಅನ್ನುವುದು ಇದನ್ನೇ. ಒಂದು ಕಡೆ ಬೆಳೆದ ಅಭ್ಯಾಸ, ಇನ್ನೊಂದು ಕಡೆಯ ನಿಯಮಕ್ಕೆ ಎದುರಾಗಿ ನಿಂತಿದೆ. ನಿಮ್ಮ ಅಧ್ಯಾಯ ಇಲ್ಲಿಂದ ಶುರುವಾಗಲಿ.

ಗಂಗೋತ್ರಿ ವಿದ್ಯಾರ್ಥಿನಿ:
ಅಕ್ಕ, ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳಲಾ? ಈ ಕೆಲಸದ ಸುದ್ದಿ ನಿಮಗೆ ಯಾರಿಂದ ಬಂತು?

ಕೆ.ಆರ್. ಪೇಟೆಯವಳು:
ಹಾಸ್ಟೆಲಿನ ಸೀನಿಯರ್. ಹಬ್ಬಕ್ಕೊಂದು ಮೆಸೇಜ್ ಬಿಟ್ಟರೆ ಅಂಥ ಒಡನಾಟ ಇರಲಿಲ್ಲ. ಮನೆಯವರಿಗೆ, ಹತ್ತಿರದ ಗೆಳತಿಯರಿಗೆ ಗೊತ್ತಿದ್ದದ್ದು ದುಬೈ ಒಂದೇ.

ಮೇಷ್ಟ್ರು, ಮಂಡ್ಯ:
ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರ 1973ರ ಲೇಖನ ಓದಿ. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಇಂಥ ದೂರದ ಪರಿಚಯದಿಂದ. ಇದೇ ಪ್ರಶ್ನೆಯನ್ನು ಮದ್ದೂರಿನವರಿಗೂ ಕೇಳಿ.