ಸಹಾಯ ಬೇಕು: ರೇಡಿಯೇಷನ್ ಆದಮೇಲೆ ಅಪ್ಪನ ಬಾಯಿ ಒಣಗುತ್ತಿದೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಕೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಆಪರೇಷನ್ ಆಯಿತು, ಆಮೇಲೆ 30 ಸಲ ರೇಡಿಯೇಷನ್. ಮುಗಿದು ನಾಲ್ಕು ತಿಂಗಳಾಯಿತು. ಗಾಯ ಮಾಗಿದೆ, ಆದರೆ ಬಾಯಲ್ಲಿ ಜೊಲ್ಲೇ ಇಲ್ಲ. ಜೊಲ್ಲಿನ ಗ್ರಂಥಿಗಳಿಗೂ ರೇಡಿಯೇಷನ್ ತಾಗಿದೆ, ಸುಧಾರಿಸಲು ತಿಂಗಳುಗಟ್ಟಲೆ ಬೇಕು ಎಂದಿದ್ದಾರೆ ಡಾಕ್ಟರು.

ಜೋಳದ ರೊಟ್ಟಿ ತಿಂದು ಬೆಳೆದ ಜೀವ. ಈಗ ಒಂದು ತುತ್ತು ರೊಟ್ಟಿಯೂ ಇಳಿಯುವುದಿಲ್ಲ. ಅನ್ನಕ್ಕೆ ತಿಳಿಸಾರು ಜಾಸ್ತಿ ಹಾಕಿ, ಮೆತ್ತಗೆ ಕಲಸಿ ಕೊಡುತ್ತೇವೆ. ಖಾರ ಮುಟ್ಟುವಂತಿಲ್ಲ. ರಾತ್ರಿ ನಾಲ್ಕೈದು ಸಲ ಎದ್ದು ನೀರು ಕುಡಿಯುತ್ತಾರೆ. ನಾಲಿಗೆ ಅಂಗುಳಕ್ಕೆ ಅಂಟಿ ಮಾತೇ ಹೊರಡುವುದಿಲ್ಲ. ನೋಡಿದರೆ ಸಂಕಟವಾಗುತ್ತದೆ.

ಉಪ್ಪು, ಅಡುಗೆ ಸೋಡಾ ಹಾಕಿದ ನೀರಲ್ಲಿ ಬಾಯಿ ಮುಕ್ಕಳಿಸುತ್ತಾರೆ. ಜೊಲ್ಲಿಲ್ಲದಿದ್ದರೆ ಹಲ್ಲು ಬೇಗ ಹುಳುಕಾಗುತ್ತದಂತೆ, ಅದಕ್ಕೆ ಫ್ಲೋರೈಡ್ ಜೆಲ್ ಕೊಟ್ಟಿದ್ದಾರೆ. ರೇಡಿಯೇಷನ್ ಡಾಕ್ಟರನ್ನು ಕೇಳದೆ ಹಲ್ಲು ಕೀಳಿಸಲೇಬಾರದು ಎಂದೂ ಹೇಳಿದ್ದಾರೆ.

ಕೃತಕ ಜೊಲ್ಲಿನ ಸ್ಪ್ರೇ ಬಳಸಿದವರು ಇದ್ದೀರಾ? ರಾತ್ರಿ ಎಷ್ಟು ಹೊತ್ತು ತಡೆಯುತ್ತದೆ? ಜೊಲ್ಲು ಬರಿಸುವ ಪೈಲೋಕಾರ್ಪಿನ್ ಮಾತ್ರೆಯಿಂದ ಬೆವರು ಜಾಸ್ತಿ ಅಂತಾರೆ, ನಿಮ್ಮ ಮನೆಯವರಿಗೂ ಹಾಗಾಯಿತಾ? ಡಾಕ್ಟರನ್ನು ಕೇಳಿಯೇ ಕೊಡುತ್ತೇವೆ. ರೊಟ್ಟಿಯನ್ನು ಹಾಲಲ್ಲೋ ಬೇಳೆಕಟ್ಟಿನಲ್ಲೋ ನೆನೆಸಿ ತಿನ್ನಿಸಿದವರಿದ್ದರೆ ದಯವಿಟ್ಟು ಹೇಗೆ ಅಂತ ಬರೆಯಿರಿ. ಅಪ್ಪ ದಿನಾ ರೊಟ್ಟಿ ಕೇಳುತ್ತಾರೆ.